ನಮಗೊಂದು ನೆಲ ಹಾಕಿಕೊಟ್ಟೋರಿಗೆ

ಶನಿವಾರ ಸಂಜೆ ನಮ್ಮ ಕಾಲೇಜ್ ಹಾಲ್‌ನಲ್ಲಿ ಕಂಟೆಂಪರರಿ ಡ್ಯಾನ್ಸ್ ಸರ್ಟಿಫಿಕೇಟ್ ಕೋರ್ಸಿನ ಮೊದಲನೇ ಬ್ಯಾಚಿನ ಫೈನಲ್ ಶೋ ಆಯ್ತು. 11 ಜನ, 35 ನಿಮಿಷ. ಮುಗಿದ ಮೇಲೆ ಮೈಕ್ ನನ್ನ ಕೈಗೆ ಕೊಟ್ರು, ಗಂಟಲು ಕಟ್ಟಿ ಎರಡು ಮಾತಾಡೋಷ್ಟರಲ್ಲಿ ಅಳು ಬಂತು, ಹೇಳಬೇಕಾಗಿದ್ದ ಹೆಸರೆಲ್ಲ ಹಾಗೇ ಉಳ್ಕೊಂಡ್ವು. ಭಾನುವಾರ ಇಡೀ ದಿನ ಅದೇ ಕೊರಗು. ಇವತ್ತು ಬೆಳಗ್ಗೆ ಕೂತು ಬರೀತಾ ಇದೀನಿ, ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ. ಹೆಸರು ಹಾಕಬೇಡ ಅಂತ ಸುಮಾರು ಜನ ಹೇಳಿದಾರೆ, ಅದಕ್ಕೆ ಯಾರ ಹೆಸರೂ ಹಾಕಿಲ್ಲ, ಓದಿದ್ರೆ ಅವರವರಿಗೆ ಗೊತ್ತಾಗುತ್ತೆ.

ಮೊದಲು ನಮ್ಮ ಮೇಡಂ. ಪ್ರತಿ ಶುಕ್ರವಾರ ಬೆಂಗಳೂರಿಂದ ಜನ ಶತಾಬ್ದಿ ಹತ್ತಿ ದಾವಣಗೆರೆಗೆ ಬಂದು, ಭಾನುವಾರದವರೆಗೆ ಕ್ಲಾಸ್ ತಗೊಂಡು ವಾಪಸ್ ಹೋಗ್ತಿದ್ರು, ಇಡೀ ವರ್ಷ. ಒಂದು ಸಲ ಜ್ವರ ಇಟ್ಕೊಂಡೇ ಬಂದಿದ್ರು. ಕಂಟೆಂಪರರಿ ಅಂದ್ರೆ ಟಿವಿಲಿ ಬರೋ ಹಾಗೆ ದುಃಖದ ಹಾಡಿಗೆ ಉರುಳಾಡೋದು ಅಂತ ನಾವೆಲ್ಲ ಅಂದ್ಕೊಂಡಿದ್ವಿ. ಮೊದಲನೇ ಕ್ಲಾಸಲ್ಲಿ 40 ನಿಮಿಷ ಅಂಗಾತ ಮಲಗಿಸಿ ಬರೀ ಉಸಿರಾಟ ಮಾಡಿಸಿದ್ರು. ಉಸಿರು ಬಿಟ್ಟಾಗ ಹೊಟ್ಟೆ ಒಳಗೆ ಎಳ್ಕೊಂಡು ಬೆನ್ನು ಬಾಗೋದು ಕಾಂಟ್ರಾಕ್ಷನ್, ಉಸಿರು ತಗೊಂಡಾಗ ಬಿಚ್ಕೊಳ್ಳೋದು ರಿಲೀಸ್, ಇದನ್ನ ಒಂದು ಪದ್ಧತಿ ಅಂತ ಮಾಡಿದ್ದು ಅಮೆರಿಕದ ಮಾರ್ಥಾ ಗ್ರಹಾಂ ಅಂತ ಹೇಳಿಕೊಟ್ರು. ಇದೆಲ್ಲ ಫಾರಿನ್ ಡ್ಯಾನ್ಸ್ ಅಲ್ವಾ ಮೇಡಂ ಅಂತ ಒಬ್ಳು ಕೇಳಿದ್ಲು. ಅದಕ್ಕೆ ನೃತ್ಯಗಾರ ಉದಯ್ ಶಂಕರ್ ಕಥೆ ಶುರು ಮಾಡಿದ್ರು, 1930ರ ದಶಕದ ಕೊನೆಯಲ್ಲೇ ಹಿಮಾಲಯದ ಕಡೆಯ ಅಲ್ಮೋರಾದಲ್ಲಿ ಸೆಂಟರ್ ತೆಗೆದು ನಮ್ಮ ದೇಶದ ನಾನಾ ನೃತ್ಯಗಳನ್ನ ಒಂದೇ ಕಡೆ ಕಲಿಸೋಕೆ ಹೊರಟಿದ್ರಂತೆ. ಆಮೇಲೆ ಕೇರಳದ ಸಮರಕಲೆ ಕಳರಿಪಯಟ್ಟು, ಯೋಗ ಇವನ್ನೆಲ್ಲ ತನ್ನ ಡ್ಯಾನ್ಸ್ ಕೆಲಸಕ್ಕೆ ತಂದ ಚಂದ್ರಲೇಖಾ, ಆಮೇಲೆ ಬೆಂಗಳೂರಲ್ಲಿ 1992ರಲ್ಲಿ ಶುರುವಾದ ಕಂಟೆಂಪರರಿ ಡ್ಯಾನ್ಸ್ ಸಂಸ್ಥೆ ಅಟ್ಟಕ್ಕಳರಿ. ನಮ್ಮಂಥ ಊರಿನ ಮಕ್ಕಳಿಗೆ ಇಷ್ಟೆಲ್ಲ ಯಾಕೆ ಅಂತ ಅವರು ಒಂದಿನಾನೂ ಅಂದ್ಕೊಳ್ಳಲಿಲ್ಲ, ಬೆಂಗಳೂರಲ್ಲಿ ಏನು ಹೇಳಿಕೊಡ್ತಿದ್ರೋ ಅದನ್ನೇ ಇಲ್ಲೂ ಹೇಳಿಕೊಟ್ರು. ಮೇಡಂ, ಅದಕ್ಕೆ ನಾನು ನಿಮಗೆ ಯಾವತ್ತೂ ಋಣಿ.

ಮೂರನೇ ತಿಂಗಳಲ್ಲಿ ನನ್ನ ಕಾಲು ನೋವು ಶುರುವಾಯ್ತು. ನಮ್ಮ ಹಾಲ್‌ಗೆ ಹಾಕಿರೋದು ಶಹಾಬಾದ್ ಕಲ್ಲು. ಬೇಸಿಗೆಲಿ ತಂಪಾಗಿರುತ್ತೆ, ಕಾರ್ಯಕ್ರಮಕ್ಕೆ ಕುರ್ಚಿ ಹಾಕೋಕೆ ಚೆನ್ನಾಗಿರುತ್ತೆ, ಆದ್ರೆ ಅದರ ಮೇಲೆ ಬರಿಗಾಲಲ್ಲಿ ನೂರಾರು ಸಲ ಜಿಗಿದ್ರೆ ಆ ಪೆಟ್ಟೆಲ್ಲ ವಾಪಸ್ ಕಾಲಿಗೇ ಬರುತ್ತೆ. ಮೊಣಕಾಲು ಕೆಳಗೆ ಒಳಮಗ್ಗುಲಲ್ಲಿ ನೋವು. ಮೊದಲು ಕ್ಲಾಸ್ ಮುಗಿದ ಮೇಲೆ ಮಾತ್ರ ಬರ್ತಿತ್ತು, ಆಮೇಲೆ ಮೆಟ್ಲು ಹತ್ತುವಾಗ, ಕೊನೆಗೆ ರಾತ್ರಿ ಮಲಗಿದಾಗ್ಲೂ. ಅವ್ವ ಎಣ್ಣೆ ಕಾಯ್ಸಿ ತಿಕ್ಕಿದ್ಲು, ಉಳುಕು ತೆಗೆಯೋರ ಹತ್ರಾನೂ ಕರ್ಕೊಂಡ್ ಹೋದ್ಲು. ಒಂದು ಆಸ್ಪತ್ರೆಲಿ ಎಕ್ಸ್‌ರೇ ತೆಗೆದು ಏನೂ ಇಲ್ಲಮ್ಮ ಎಲ್ಲ ಸರಿಯಾಗಿದೆ, ಡ್ಯಾನ್ಸ್‌ಗೀನ್ಸ್ ಬಿಟ್ಟು ಓದ್ಕೋ ಅಂದ್ರು. ಎಕ್ಸ್‌ರೇಲಿ ಏನೂ ಇಲ್ಲ ಅಂದ ಮೇಲೆ ಮನೇಲಿ ಯಾರು ನಂಬ್ತಾರೆ. ಆ ಎರಡು ವಾರ ನನಗೆ ನೋವಿಗಿಂತ ಜಾಸ್ತಿ ಕಷ್ಟ ಆಗಿದ್ದು ಅದೇ.

ಆಗ ಸಿಕ್ಕಿದ್ದು ಫಿಜಿಯೋಥೆರಪಿ ಅಕ್ಕ. ಮೊಣಕಾಲಿಂದ ಕೆಳಗೆ ಹೆಬ್ಬೆರಳಲ್ಲಿ ಒಂದೊಂದೇ ಇಂಚು ಒತ್ತಿಕೊಂಡು ಬಂದ್ರು, ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಒತ್ತಿದ ತಕ್ಷಣ ನಾನು ಚೀರಿಬಿಟ್ಟೆ. ಮೂಳೆ ಮೇಲೆ ಪದೇ ಪದೇ ಪೆಟ್ಟು ಬಿದ್ದು ಸುಸ್ತಾಗಿದೆ, ಇದು ಶುರುವಿನಲ್ಲಿ ಎಕ್ಸ್‌ರೇಲಿ ಕಾಣದೇ ಇರಬಹುದು, ಹೀಗೇ ಕುಣಿದ್ರೆ ಬಿರುಕು ಬಿಡುತ್ತೆ, 8 ವಾರ ಒಂದು ಜಂಪ್ ಕೂಡ ಬೇಡ ಅಂದ್ರು. ನಿನ್ನ ನೋವು ನಿಜ ಕಣೇ ಅಂತ ಅವ್ವನ ಎದುರಿಗೇ ಹೇಳಿದ್ರಲ್ಲ ಅಕ್ಕ, ಅದೊಂದು ಮಾತಿಗೆ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲಲ್ಲ. ಅಷ್ಟಕ್ಕೇ ಬಿಡಲಿಲ್ಲ ಅವರು, ಒಂದು ಶನಿವಾರ ಸ್ಕೂಟಿ ತಗೊಂಡು ನಮ್ಮ ಹಾಲ್‌ಗೇ ಬಂದು, ಚಪ್ಪಲಿ ಬಿಟ್ಟು, ಆ ಕಲ್ಲಿನ ಮೇಲೆ ಹಿಮ್ಮಡಿ ಕುಟ್ಟಿ ನೋಡಿ, ಇವಳ ಕಾಲು ರಿಪೇರಿ ಮಾಡಿದ್ರೆ ಆಗಲ್ಲ ಮೇಡಂ, ಈ ನೆಲ ರಿಪೇರಿ ಆಗ್ಬೇಕು, ಇಲ್ಲಾಂದ್ರೆ ಇವಳಾದ ಮೇಲೆ ಇನ್ನೊಬ್ಳು ಬರ್ತಾಳೆ ನನ್ನ ಹತ್ರ ಅಂದ್ರು.

ಡ್ಯಾನ್ಸ್ ಮಾಡೋ ಜಾಗಕ್ಕೆ ಸ್ಪ್ರಂಗ್ ಫ್ಲೋರ್ ಅಂತ ಇರುತ್ತಂತೆ. ಮರದ ನೆಲ, ಅಡಿಯಲ್ಲಿ ರಬ್ಬರೋ ಫೋಮೋ ಇಟ್ಟು ಸ್ವಲ್ಪ ಬಗ್ಗೋ ಹಾಗೆ ಮಾಡಿರ್ತಾರೆ, ಮೇಲೆ ಜಾರದೇ ಇರೋ ವಿನೈಲ್ ಮ್ಯಾಟ್. ಕಂಪನಿಯೋರ ಹತ್ರ ರೇಟ್ ಕೇಳಿದ್ರೆ ನಮ್ಮ ಇಡೀ ಬ್ಯಾಚಿನ ಫೀಸ್ ಸೇರಿಸಿದ್ರೂ ಅರ್ಧ ಆಗ್ತಿರಲಿಲ್ಲ. ಫ್ಲೆಕ್ಸ್ ಅಂಗಡಿ ಅಣ್ಣ ಹಳೇ ಬ್ಯಾನರ್‌ಗಳನ್ನ ಫ್ರೀಯಾಗಿ ಕೊಟ್ರು, ಮಡಚಿ ನಾಲ್ಕು ಪದರ ಹಾಸಿ ನೋಡಿದ್ವಿ, ಬೆವರು ಬಿದ್ರೆ ಜಾರೋದು, ಒಣಗಿದ್ರೆ ಚರ್ಮಕ್ಕೆ ಅಂಟಿ ಎಳೆಯೋದು, ಬಿಟ್ವಿ. ಆದ್ರೂ ಅಣ್ಣ, ನೀವು ಕೊಟ್ಟಿದ್ದು ಮರೆಯಲ್ಲ.

ಈಗ ಅಜ್ಜನ ವಿಷ್ಯ. ನಮ್ಮ ಬ್ಯಾಚಿನ ಒಬ್ಬ ಹುಡುಗನ ಮನೆ ಪಕ್ಕ ಒಬ್ರು ಬಡಿಗೇರ ಅಜ್ಜ ಇದಾರೆ, 74 ವರ್ಷ, ಹರೆಯದಲ್ಲಿ ನಾಟಕ ಕಂಪನಿಗಳು ಕ್ಯಾಂಪ್ ಹಾಕಿದಾಗ ಸ್ಟೇಜ್ ಕಟ್ಟೋ ಕೆಲಸ ಮಾಡ್ತಿದ್ದೋರು. ನಮ್ಮೂರು ನಾಟಕದ ನಟಿ ಚಿಂದೋಡಿ ಲೀಲಾ ಅವರ ಊರು, ಕೆ.ಬಿ.ಆರ್. ಡ್ರಾಮಾ ಕಂಪನಿ ಊರು ಅಂತ ನಮ್ಮಜ್ಜಿ ಯಾವಾಗ್ಲೂ ಹೇಳ್ತಿರ್ತಾಳೆ, ಆದ್ರೆ ಆ ನಾಟಕಗಳ ಕಾಲಡಿಯ ಹಲಗೆ ಜೋಡಿಸ್ತಿದ್ದಂಥ ಕೈಗಳು ಇನ್ನೂ ನಮ್ಮ ಓಣೀಲೇ ಇದಾವೆ ಅಂತ ನನಗೆ ಗೊತ್ತೇ ಇರಲಿಲ್ಲ. ಅಜ್ಜ ಬಂದು ಹಾಲ್ ನೋಡಿದ್ರು. "ಕಲ್ಲ ಮ್ಯಾಲೆ ಯಾರಾದ್ರೂ ಕುಣಿತಾರೇನವ್ವಾ? ಕುಣಿಯಾಕೆ ಹಲಗೆ ಬೇಕು, ಹಲಗೆ ಕೆಳಗೆ ಗಾಳಿ ಆಡ್ಬೇಕು. ಕಂಪನಿ ಸ್ಟೇಜು ಎತ್ತರ ಕಟ್ತಿದ್ದು ಬರೀ ಜನಕ್ಕೆ ಕಾಣ್ಲಿ ಅಂತ ಅನ್ಕಂಡೀಯಾ?" ಅಂದ್ರು. ಕೂಲಿ ಎಷ್ಟು ಅಜ್ಜ ಅಂತ ಮೇಡಂ ಕೇಳಿದ್ದಕ್ಕೆ ಉತ್ತರಾನೇ ಕೊಡದೆ ಟೇಪ್ ತೆಗೆದು ಅಳತೆ ಶುರು ಮಾಡಿದ್ರು.

24 ಅಡಿ ಉದ್ದ, 16 ಅಡಿ ಅಗಲ. 8x4ರ ಪ್ಲೈವುಡ್ ಒಂದು ಪದರಕ್ಕೆ 12 ಶೀಟು, ಎರಡು ಪದರಕ್ಕೆ 24. ಕೆಳಗಿನ ಪದರಕ್ಕೆ ಹೊಸದು ಯಾಕೆ ಅಂತ ಅಜ್ಜನೇ ಒಬ್ರು ಸೆಂಟ್ರಿಂಗ್ ಕಾಂಟ್ರಾಕ್ಟರ್‌ಗೆ ಫೋನ್ ಮಾಡಿ, ಆರ್‌ಸಿಸಿಗೆ ಬಳಸಿ ಬಿಟ್ಟಿದ್ದ 12 ಶೀಟು ತರ್ಸಿದ್ರು. ಅದರ ಮೇಲೆ ಅಂಟಿದ್ದ ಸಿಮೆಂಟ್ ಕೆರೆದು ಕೆರೆದು ನಮ್ಮ ಉಗುರೆಲ್ಲ ಹೋದ್ವು. ಮೇಲಿನ ಪದರಕ್ಕೆ ಹೊಸ ಶೀಟು, ಅದಕ್ಕೆ ಅರ್ಧ ದುಡ್ಡು ಪ್ರಿನ್ಸಿಪಾಲರು ಕೊಡಿಸಿದ್ರು, ಉಳಿದಿದ್ದಕ್ಕೆ ನಾವು ಕಾಲೇಜ್ ಫೆಸ್ಟ್‌ಲಿ ಮಿರ್ಚಿ ಮಂಡಕ್ಕಿ ಸ್ಟಾಲ್ ಹಾಕಿ 7,340 ರೂಪಾಯಿ ಮಾಡಿದ್ವಿ, ಇನ್ನೂ ಕಮ್ಮಿ ಬಿದ್ದಿದ್ದನ್ನ ಮೇಡಂ ಯಾರಿಗೂ ಹೇಳದೆ ಕಟ್ಟಿದ್ರು, ಅದು ನಮಗೆ ಬಿಲ್ ನೋಡಿದಾಗ ಗೊತ್ತಾಗಿದ್ದು. ಅಡಿಗೆ ರಬ್ಬರ್ ಬೇಕಲ್ಲ, ಚಪ್ಪಲಿ ಹೊಲಿಯೋ ಒಬ್ರು ಅಣ್ಣ ಹವಾಯಿ ಚಪ್ಪಲಿ ಸೋಲ್ ಮಾಡೋ ರಬ್ಬರ್ ಶೀಟನ್ನ ಅಸಲು ರೇಟಿಗೆ ಕೊಡಿಸಿ, ಮೂರು ಮೂರು ಇಂಚಿನ ಚೌಕ ಅವರೇ ಕೊಯ್ದು ಕೊಟ್ರು. ಚದರ ಅಡಿಗೊಂದರಂತೆ 384 ಚೌಕ! ಒಂದೊಂದಕ್ಕೂ ಗಮ್ ಹಚ್ಚಿ ಶೀಟಿನ ಅಡಿಗೆ ಅಂಟಿಸಿದ್ದು ನಾವು ಹುಡ್ಗೀರು, ಸಂಜೆ ಏಳರವರೆಗೆ ಕೂತು.

ಜೋಡಿಸೋ ಕೆಲಸ ಮೂರು ದಿನ ಹಿಡೀತು. ಕೆಳಗಿನ ಶೀಟಿನ ಸಂದಿ ಮೇಲೆ ಮೇಲಿನ ಶೀಟಿನ ಸಂದಿ ಬರಬಾರ್ದು, ಗೋಡೆ ಕಟ್ಟುವಾಗ ಇಟ್ಟಿಗೆ ಇಡ್ತಾರಲ್ಲ ಹಂಗೆ ಅಂತ ಅಜ್ಜ ಕೆಲವು ಶೀಟು ಅರ್ಧಕ್ಕೆ ಕೊಯ್ದು ಕೂರಿಸಿದ್ರು. ಸ್ಕ್ರೂ ತಲೆ ಮರದೊಳಗೆ ಮುಳುಗೋ ಹಾಗೆ ಮೊದಲು ತೂತಿನ ಬಾಯಿ ಅಗಲ ಮಾಡೋರು, ಆಮೇಲೆ ಕಣ್ಣು ಮುಚ್ಚಿ ಅಂಗೈ ಸವರಿ ನೋಡೋರು, ಕೈಗೆ ಏನಾದ್ರೂ ತಾಗಿದ್ರೆ ಬಿಚ್ಚಿ ಮತ್ತೆ ಹಾಕೋರು. ಎಲ್ಲ ಮುಗಿದ ಮೇಲೆ ಒಂದು ಚೊಂಬು ತುಂಬ ನೀರು ತರಿಸಿ ಒಂದು ಮೂಲೇಲಿ ಇಟ್ಟು, ಆ ಕಡೆ ಮೂಲೇಲಿ ಒಬ್ಬ ಹುಡುಗನಿಗೆ ಜಿಗಿ ಅಂದ್ರು. ತಾವು ಚೊಂಬಿನ ಪಕ್ಕ ಬಗ್ಗಿ ಕೂತು ನೀರನ್ನೇ ನೋಡ್ತಿದ್ರು. "ನೀರು ನಡುಗ್ಬೇಕು, ಚೆಲ್ಲಬಾರ್ದು." ಚೆಲ್ಲಲಿಲ್ಲ. ಅಷ್ಟೇ, ಟವಲ್ ಕೊಡವಿ ಹೆಗಲಿಗೆ ಹಾಕ್ಕೊಂಡು ಟೀ ಕುಡಿಯೋಕೆ ಹೋದ್ರು.

ಮ್ಯಾಟ್ ಬೆಂಗಳೂರಿನ ಒಂದು ಸ್ಟುಡಿಯೋದವರು ಬದಲಾಯಿಸಿ ಹಾಕಿದ್ದ ಹಳೇದು, ಮೇಡಂ ಕೇಳಿ ಲಾರಿ ಪಾರ್ಸೆಲ್‌ಗೆ ಹಾಕಿಸಿದ್ರು. ಅಲ್ಲಲ್ಲಿ ತೇಪೆ ಇದೆ, ನಮಗೆ ಅದೇ ಸಾಕು.

ಆ 8 ವಾರ ನನ್ನನ್ನ ಮನೇಲಿ ಕೂರಿಸಲಿಲ್ಲ ಮೇಡಂ. ಬೇರೆಯವರು ಜಿಗೀತಿದ್ದಾಗ ನಾನು ಕೂತಲ್ಲೇ ಎಣಿಕೆ ಹಾಕ್ತಿದ್ದೆ, ಮಲಗಿದಲ್ಲೇ ಕಾಂಟ್ರಾಕ್ಷನ್ ಮಾಡ್ತಿದ್ದೆ, ಮೊಬೈಲಲ್ಲಿ ಹಾಡು ಕಟ್ ಮಾಡಿ ಜೋಡಿಸೋದು, ಲೈಟ್ ಪ್ಲಾನ್ ಬರೆಯೋದು, ಸಣ್ಣ ಮಕ್ಕಳಿಗೆ ಯಾವ ವಯಸ್ಸಿಗೆ ಏನು ಹೇಳಿಕೊಡ್ಬೇಕು, ಶಾಲೆಯವರು ಆ್ಯನುವಲ್ ಡೇಗೆ ಕರೆದ್ರೆ ಕೊಟೇಶನ್ ಹೆಂಗೆ ಬರೀಬೇಕು, ಇದೆಲ್ಲ ಕೋರ್ಸಲ್ಲಿ ಇತ್ತು, ನಾನು ಅದನ್ನೇ ಹೆಚ್ಚು ಕಲಿತೆ. ಈಗ ಜೂನ್‌ನಿಂದ ಎರಡು ಶಾಲೇಲಿ ಡ್ಯಾನ್ಸ್ ಟೀಚರ್ ಆಗಿ ಸೇರ್ತಿದೀನಿ, ವಾರಕ್ಕೆ ನಾಲ್ಕು ದಿನ. ಇಂಟರ್‌ವ್ಯೂಲಿ ಅವರು ಕೇಳಿದ್ದು ಸ್ಟೆಪ್ ಅಲ್ಲ, ಮಗು ಬಿದ್ದು ಪೆಟ್ಟು ಮಾಡ್ಕೊಂಡ್ರೆ ಏನ್ ಮಾಡ್ತೀರಾ ಅಂತ. ಅದಕ್ಕೆ ನಾನು ಅರ್ಧ ಗಂಟೆ ಮಾತಾಡಬಲ್ಲೆ.

ಎಂಟು ವಾರ ಆದ ಮೇಲೆ ಮೊದಲನೇ ಸಲ ಆ ನೆಲದ ಮೇಲೆ ಜಿಗಿದಿದ್ದು ನಾಲ್ಕೇ ನಾಲ್ಕು ಜಂಪ್, ಫಿಜಿಯೋ ಅಕ್ಕ ಎದುರಿಗೇ ನಿಂತು ಎಣಿಸಿದ್ರು. ಮೊದಲು ಬೆರಳು, ಆಮೇಲೆ ಪಾದ, ಆಮೇಲೆ ಹಿಮ್ಮಡಿ, ಮೊಣಕಾಲು ಬಗ್ಗಿ ಬೆರಳಿನ ನೇರಕ್ಕೆ. ಕಲ್ಲಿನ ಮೇಲೆ ಪಟ್ ಅಂತಿದ್ದ ಸದ್ದು ಇಲ್ಲಿ ಧುಮ್ ಅಂತ ಕೆಳಗೆ ಇಳಿದು ಹೋಯ್ತು. ನೋವು ಬರುತ್ತೆ ಅಂತ ಕಾಯ್ತಾ ಇದ್ದೆ, ಬರಲಿಲ್ಲ.

ಅಪ್ಪಾಜಿಗೆ. ಎಪಿಎಂಸೀಲಿ ಮೆಕ್ಕೆಜೋಳದ ಚೀಲ ಹೊತ್ತು ನನ್ನ ಫೀಸ್ ಕಟ್ಟಿದೀಯ. ಇದ್ರಿಂದ ಏನು ಸಿಗುತ್ತೆ ಅಂತ ಶುರುವಲ್ಲಿ ಒಂದೇ ಸಲ ಕೇಳಿದ್ದು, ಆಮೇಲೆ ಕೇಳಲಿಲ್ಲ. ನಾನು ಮನೇಲಿ ಲ್ಯಾಂಡಿಂಗ್ ಪ್ರಾಕ್ಟೀಸ್ ಮಾಡೋದು ನೋಡಿ, ಮೊಣಕಾಲು ಸೆಟೆದು ಇಡಬ್ಯಾಡ, ನಾವು ಲಾರಿಯಿಂದ ಚೀಲ ಇಳಿಸುವಾಗ ಹಂಗೆ ಇಟ್ರೆ ಸೊಂಟ ಹೋಗುತ್ತೆ ಅಂತ ನೀನಂದೆ. ಮಾರನೇ ದಿನ ನಾನು ಮೇಡಂಗೆ ಹೇಳಿದೆ, ಅವರು ನಿನ್ನ ಆ ಮಾತನ್ನ ಇಡೀ ಕ್ಲಾಸಿಗೆ ಹೇಳಿದ್ರು, ಬೋರ್ಡ್ ಮೇಲೂ ಬರೆದ್ರು. ನಿನಗೆ ನಾಚಿಕೆ ಆಗುತ್ತೆ ಅಂತ ಇಷ್ಟು ದಿನ ಹೇಳಿರಲಿಲ್ಲ. ಅವ್ವಂಗೆ ಬೇರೆ ಬರೆಯಲ್ಲ, ಮನೇಲಿ ತಬ್ಕೊಂಡು ಹೇಳಿದೀನಿ.

ಬೆಳಗ್ಗೆ ಆರಕ್ಕೇ ಗೇಟ್ ತೆಗೀತಿದ್ದ ವಾಚ್‌ಮನ್ ಕಾಕಾಗೆ, ಶೋ ದಿನ ಬಾಡಿಗೆ ತಗೊಳ್ಳದೆ ನಾಲ್ಕು ಲೈಟ್ ಜಾಸ್ತಿ ಕಟ್ಟಿದ ಸೌಂಡ್ಸ್ ಅಂಗಡಿ ಹುಡುಗರಿಗೆ, ವೀರಗಾಸೆ ಮನೆತನದಿಂದ ಬಂದು ದುಗ್ಗಮ್ಮನ ಜಾತ್ರೆಲಿ ಕುಣಿದು ಕುಣಿದು ಗಟ್ಟಿಯಾದ ಕಾಲಿಂದ ನಮಗೆಲ್ಲ ತಾಳ ಹಿಡಿಯೋದು ಕಲಿಸಿದ ನನ್ನ ಬ್ಯಾಚ್‌ಮೇಟ್‌ಗೆ, ನಾನು ಜಿಗಿಯದೇ ಕೂತಾಗ ನನ್ನ ಪಾರ್ಟ್ ಯಾರಿಗೂ ಕೊಡದೆ ಖಾಲಿ ಇಟ್ಕೊಂಡು ಕಾದ ಉಳಿದ ಒಂಬತ್ತು ಜನಕ್ಕೆ, ಎಲ್ಲರಿಗೂ ಕೈ ಮುಗಿದು ಥ್ಯಾಂಕ್ಸ್.

ಅಜ್ಜಂಗೆ ಶೋಗೆ ಬರೋಕೆ ಆಗಲಿಲ್ಲ, ಕಣ್ಣಿನ ಆಪರೇಷನ್ ಆಗಿ ಹರಿಹರದಲ್ಲಿ ಮಗಳ ಮನೇಲಿದ್ರು. ನಿನ್ನೆ ರಾತ್ರಿ ಅವರ ಮೊಮ್ಮಗನ ಮೊಬೈಲಿಗೆ ವಿಡಿಯೋ ಕಳಿಸಿದ್ದೆ. ಒಂದು ಗಂಟೆ ಬಿಟ್ಟು ಫೋನ್ ಬಂತು, ಹೆಂಗಿತ್ತು ಅಜ್ಜ ಅಂದೆ. "ಚಲೋ ಇತ್ತವ್ವಾ, ಆದ್ರೆ ಎಡಗಡೆ ಕಿಟಕಿ ಹತ್ರ ನೀವೆಲ್ಲ ಒಟ್ಟಿಗೆ ಬಂದಾಗ ಕಿರ್ ಅಂತೈತಲ್ಲ, ಅದು ಹಾಡಿಂದೋ ಹಲಗೆದೋ?" ಹಲಗೇದು ಅಜ್ಜ ಅಂದೆ. ಬುಧವಾರ ಕಣ್ಣಿನ ಪಟ್ಟಿ ಬಿಚ್ತಾರಂತೆ, ಗುರುವಾರ ಸ್ಕ್ರೂಡ್ರೈವರ್ ತಗಂಡ್ ಬರ್ತೀನಿ, ವಾಚ್‌ಮನ್‌ಗೆ ಹೇಳಿಡು ಅಂದ್ರು. ಹೇಳಿದೀನಿ ಅಜ್ಜ.