ಪದವಿನ ಹೂಗಳನ್ನು ಮಳೆಗಾಲದಲ್ಲೇ ದಾಖಲಿಸಿ

ಸಂಪಾದಕರಿಗೆ,

ಮಳೆಗಾಲ ಅರ್ಧ ಕಳೆಯಿತೆಂದರೆ ಕರಾವಳಿಯ ಪುಟಗಳಲ್ಲಿ ಒಂದು ಸುದ್ದಿ ಬಂದೇ ಬರುತ್ತದೆ. ‘ಅಪರೂಪದ ಹೂವು ಪತ್ತೆ’, ‘ಜಿಲ್ಲೆಯಲ್ಲಿ ಇದೇ ಮೊದಲು’. ಜೊತೆಗೊಂದು ಚಂದದ ಫೋಟೋ. ಇಂಥ ಸುದ್ದಿ ಕಂಡರೆ ನನಗೆ ಖುಷಿಯೇ. ಆದರೆ ಪೂರ್ತಿ ಓದಿದ ಮೇಲೂ ಒಂದು ವಿಷಯ ಸಿಗುವುದಿಲ್ಲ. ಆ ಗಿಡದ ಒಣಗಿಸಿದ ಮಾದರಿ ಈಗ ಎಲ್ಲಿದೆ? ಯಾವ ಹರ್ಬೇರಿಯಂನಲ್ಲಿ (ಒಣಗಿಸಿದ ಗಿಡಗಳ ಸಂಗ್ರಹಾಲಯದಲ್ಲಿ), ಯಾವ ನಂಬರಿನಲ್ಲಿ? ಹೆಚ್ಚಿನ ಸಲ ಮಾದರಿಯೇ ಇರುವುದಿಲ್ಲ, ಮೊಬೈಲಿನಲ್ಲಿ ತೆಗೆದ ಫೋಟೋ ಮಾತ್ರ ಇರುತ್ತದೆ. ಅಷ್ಟಕ್ಕೇ ಬಿಟ್ಟರೆ ಆ ಗಿಡ ನಮ್ಮ ಜಿಲ್ಲೆಯಲ್ಲಿ ದಾಖಲಾದಂತೆ ಆಗುವುದಿಲ್ಲ.

ಫೋಟೋ ಬೇಡ ಎಂದು ನಾನು ಹೇಳುತ್ತಿಲ್ಲ. ಫೋಟೋದಿಂದಲೇ ಎಲ್ಲ ಶುರುವಾಗುತ್ತದೆ. ಆದರೆ ನಮ್ಮ ಕಡೆಯ ಪದವುಗಳಲ್ಲಿ, ಅಂದರೆ ಗುಡ್ಡೆಯ ಮೇಲಿನ ಕೆಂಪುಕಲ್ಲಿನ ಬಯಲುಗಳಲ್ಲಿ, ಮಳೆಗಾಲಕ್ಕೆ ಏಳುವ ಗಿಡಗಳಲ್ಲಿ ಬಹುಪಾಲು ಗೇಣುದ್ದ ಕೂಡ ಇಲ್ಲ. ಎರಿಯೊಕಾಲನ್ ಎಂಬ ಗಿಡವನ್ನೇ ತೆಗೆದುಕೊಳ್ಳಿ. ನೀರು ನಿಂತ ಪಾದೆಯ (ಬಂಡೆಯ) ಮೇಲೆ ಬಿಳಿ ಅಂಗಿಗುಂಡಿಗಳನ್ನು ಕಡ್ಡಿಗೆ ಸಿಕ್ಕಿಸಿ ಇಟ್ಟ ಹಾಗೆ ಕಾಣುತ್ತದೆ. ಆ ಒಂದೊಂದು ಗುಂಡಿಯೊಳಗೂ ಹತ್ತಾರು ಹೂಗಳಿವೆ. ಒಂದು ಜಾತಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಆ ಹೂಗಳ ಭಾಗಗಳಲ್ಲಿ, ಬೀಜದ ಮೇಲ್ಮೈಯಲ್ಲಿ ಇರುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ಬಿಡಿಸಿ ನೋಡಬೇಕು. ಯಾವ ಆ್ಯಪ್ ಕೂಡ ಫೋಟೋ ನೋಡಿ ಇದನ್ನು ಖಚಿತವಾಗಿ ಹೇಳಲಾರದು. ಹೆಸರು ಸೂಚಿಸಬಹುದು, ಅಷ್ಟೇ.

ದಾಖಲೆ ಅಂದರೆ ದೊಡ್ಡ ಖರ್ಚಿನ ಕೆಲಸವೂ ಅಲ್ಲ. ಗಿಡ ಧಾರಾಳವಾಗಿ ಇರುವ ಕಡೆ, ಬೇಕಾದ ಅನುಮತಿ ಪಡೆದು, ಒಂದೆರಡು ಗಿಡವನ್ನು ಬೇರು ಸಮೇತ ತೆಗೆಯುತ್ತಾರೆ. ಹಳೇ ಪೇಪರಿನ ನಡುವೆ ಇಟ್ಟು ಒತ್ತುತ್ತಾರೆ. (ಹೌದು, ನಿಮ್ಮ ಪತ್ರಿಕೆಯ ಹಾಳೆಯೇ. ಸಸ್ಯಶಾಸ್ತ್ರದವರು ಎಷ್ಟೋ ಕಾಲದಿಂದ ಈ ಕೆಲಸಕ್ಕೆ ನ್ಯೂಸ್‌ಪೇಪರನ್ನೇ ನಂಬಿದ್ದಾರೆ.) ತೇವ ಹೀರಿದ ಪೇಪರನ್ನು ಮತ್ತೆ ಮತ್ತೆ ಬದಲಿಸುತ್ತಾರೆ, ನಮ್ಮ ಊರಿನ ಆಷಾಢದ ಹವೆಯಲ್ಲಂತೂ ಇದು ದಿನಾ ಮಾಡಬೇಕಾದ ಕೆಲಸ, ಇಲ್ಲದಿದ್ದರೆ ಬೂಸ್ಟು ಹಿಡಿದು ಎಲ್ಲ ಹಾಳು. ಒಣಗಿದ ಮೇಲೆ ದಪ್ಪ ಹಾಳೆಗೆ ಹೊಲಿದೋ ಅಂಟಿಸಿಯೋ ಲೇಬಲ್ ಬರೆಯುತ್ತಾರೆ. ಊರು, ತಾರೀಕು, ಎತ್ತರ, ಎಂಥ ಜಾಗ, ಹೂವಿನ ಬಣ್ಣ, ಯಾರು ಸಂಗ್ರಹಿಸಿದ್ದು. ಬಣ್ಣ ಮಾತ್ರ ಅಲ್ಲೇ ಬರೆದುಕೊಳ್ಳಬೇಕು, ಒಣಗಿದರೆ ಹೋಗಿಬಿಡುತ್ತದೆ.

ಇಂಥ ಹಾಳೆಗೆ ಎಷ್ಟು ಆಯುಸ್ಸು ಗೊತ್ತಾ? ಬಾಸೆಲ್ ಮಿಶನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಅದರ ಪಾದ್ರಿ ಮೆಟ್ಜ್ 1840ರ ದಶಕದಲ್ಲಿ ಕೆನರಾದ, ಅಂದರೆ ನಮ್ಮ ಕರಾವಳಿಯ, ಗಿಡಗಳನ್ನು ಒಣಗಿಸಿ ಕಳಿಸಿದರು. ಹೊಹೆನಾಕರ್ ಎಂಬವರು ಅವನ್ನು ಯುರೋಪಿನ ಹರ್ಬೇರಿಯಂಗಳಿಗೆ ಹಂಚಿದರು. ಮಂಗಳೂರಿನ ಹೆಸರಿರುವ ಆ ಹಾಳೆಗಳನ್ನು ಸಂಶೋಧಕರು ಇಂದಿಗೂ ತೆರೆದು ನೋಡುತ್ತಾರೆ. ಹೆಸರು ತಪ್ಪಾಗಿದ್ದರೆ ತಿದ್ದುತ್ತಾರೆ. ಗಿಡ ಕೈಯಲ್ಲೇ ಇರುವುದರಿಂದ ಇದು ಸಾಧ್ಯ. ಫೋಟೋ ಒಂದೇ ಇದ್ದು, ಅದರಲ್ಲಿ ಬೇಕಾದ ಭಾಗ ಕಾಣದೇ ಹೋದರೆ ತಿದ್ದುವುದಕ್ಕೂ ದಾರಿಯಿಲ್ಲ.

ಇನ್ನು ‘ಇದೇ ಮೊದಲು’ ಎಂಬ ಮಾತಿನ ಬಗ್ಗೆ. ನಮ್ಮ ಕರಾವಳಿಯ ಚರಿತ್ರೆ ಗೊತ್ತಿದ್ದರೆ ಈ ಮಾತನ್ನು ಸ್ವಲ್ಪ ಜಾಗ್ರತೆಯಿಂದ ಬಳಸಬೇಕಾಗುತ್ತದೆ. ಬ್ರಿಟಿಷರ ಕಾಲದಲ್ಲಿ ನಮ್ಮ ದಕ್ಷಿಣ ಕನ್ನಡ (ಉಡುಪಿ ಆಗ ಅದರೊಳಗೇ ಇತ್ತು) ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿತ್ತು. ಉತ್ತರ ಕನ್ನಡ 1862ರಲ್ಲಿ ಬಾಂಬೆ ಪ್ರೆಸಿಡೆನ್ಸಿಗೆ ಹೋಯಿತು. ಗಿಡಗಳ ಪುಸ್ತಕಗಳೂ, ಅಂದರೆ ಫ್ಲೋರಾಗಳೂ, ಹಾಗೆಯೇ ಪಾಲಾದವು. ಕಾರವಾರದ ಗಿಡ ಬೇಕಾದರೆ ಕುಕ್ ಬರೆದ ಬಾಂಬೆಯ ಫ್ಲೋರಾ ತೆರೆಯಬೇಕು, ಅದು 1901ರಿಂದ 1908ರವರೆಗೆ ಬಂತು. ಮಂಗಳೂರಿನದ್ದು ಬೇಕಾದರೆ ಗ್ಯಾಂಬಲ್ ಶುರು ಮಾಡಿ ಫಿಶರ್ ಮುಗಿಸಿದ ಮದ್ರಾಸಿನ ಫ್ಲೋರಾ, 1915ರಿಂದ 1936. ಉತ್ತರ ಕನ್ನಡದ ಭಟ್ಕಳಕ್ಕೂ ನಮ್ಮ ಬೈಂದೂರಿಗೂ ನಡುವೆ ಎಷ್ಟು ದೂರ ಹೇಳಿ! ಅತ್ತ ಕಡೆಯ ಪಾದೆಯ ಹೂವು ಒಂದು ಪುಸ್ತಕದಲ್ಲಿ, ಇತ್ತ ಕಡೆಯದು ಇನ್ನೊಂದರಲ್ಲಿ.

1956ರಲ್ಲಿ ಇನ್ನೊಂದು ಗೆರೆ ಬಂತು. ನಮ್ಮದೇ ಜಿಲ್ಲೆಯ ತಾಲೂಕಾಗಿದ್ದ ಕಾಸರಗೋಡು ಕೇರಳಕ್ಕೆ ಹೋಯಿತು. ಅಲ್ಲಿಯ ಗಿಡಗಳೂ ಕೇರಳದ ಪಟ್ಟಿಗೆ ಹೋದವು. ಹಾಗಾಗಿ ಮಂಜೇಶ್ವರದ ಗುಡ್ಡೆಯಲ್ಲಿ ಮೊದಲಿನಿಂದ ಹೂ ಬಿಡುತ್ತಿದ್ದ ಒಂದು ಗಿಡವನ್ನು ಯಾರಾದರೂ ರಾಜ್ಯದ ಗಡಿಯಾದ ತಲಪಾಡಿ ಗೇಟಿನ ಇತ್ತ ಕಡೆ ನೋಡಿ ಬರೆದರೆ ಅದು ‘ಕರ್ನಾಟಕಕ್ಕೆ ಹೊಸದು’ ಆಗುತ್ತದೆ. ಅಂಥ ದಾಖಲೆಗೆ ಬೆಲೆ ಇಲ್ಲ ಎಂದಲ್ಲ. ಬೆಲೆ ಖಂಡಿತ ಉಂಟು. ಆದರೆ ಆ ಗಿಡ ನಿನ್ನೆ ಮೊನ್ನೆ ಬಂದದ್ದಲ್ಲ. ಅದು ಇಲ್ಲೇ ಇತ್ತು, ನಾವು ಮಳೆಯಲ್ಲಿ ಹೋಗಿ ನೋಡಿರಲಿಲ್ಲ ಅಷ್ಟೇ. ಡಾ. ಕೆ. ಗೋಪಾಲಕೃಷ್ಣ ಭಟ್ಟರು ಉಡುಪಿಯ ಫ್ಲೋರಾವನ್ನು 2003ರಲ್ಲಿ, ದಕ್ಷಿಣ ಕನ್ನಡದ ಫ್ಲೋರಾವನ್ನು 2014ರಲ್ಲಿ ತಂದರು. ಒಬ್ಬ ಮನುಷ್ಯ ಎಷ್ಟು ಮಾಡಬಹುದೋ ಅದಕ್ಕಿಂತ ಜಾಸ್ತಿಯೇ ಮಾಡಿದ್ದಾರೆ. ಹೊಸ ಹೂ ಸಿಕ್ಕಿತು ಎನ್ನುವವರು ಮೊದಲು ಈ ಎರಡು ಪುಸ್ತಕ ತೆರೆದು ನೋಡಬೇಕು. ಆಮೇಲೆ ಕಾಸರಗೋಡು, ಗೋವಾ, ಸಿಂಧುದುರ್ಗ, ರತ್ನಗಿರಿಯ ಪಟ್ಟಿಗಳನ್ನು ನೋಡಬೇಕು. ನಮ್ಮ ಪಾದೆಗೂ ಅಲ್ಲಿಯ ಪಾದೆಗೂ ತುಂಬ ನೆಂಟಸ್ತಿಕೆ ಇದೆ.

ಕಣ್ಣೂರಿಗೆ ರೈಲಿನಲ್ಲಿ ಹೋಗುವಾಗ ಪಳಯಂಗಾಡಿ ಸ್ಟೇಷನ್ ಸಿಗುತ್ತದೆ. ಅದರ ಹತ್ತಿರವೇ ಮಾಡಾಯಿಪಾರ. ನಮ್ಮ ಪದವಿನಂಥದ್ದೇ ಕೆಂಪುಕಲ್ಲಿನ ಬಯಲು. ಅಲ್ಲಿಯವರು ಮಳೆಗಾಲದಲ್ಲಿ ಪಟ್ಟು ಹಿಡಿದು ಹುಡುಕಿದರು. ಎರಿಯೊಕಾಲನ್ ಮಾಡಾಯಿಪಾರೆನ್ಸೆ, ಲಿಂಡರ್ನಿಯಾ ಮಾಡಾಯಿಪಾರೆನ್ಸಿಸ್, ಹೀಗೆ ವಿಜ್ಞಾನಕ್ಕೇ ಹೊಸದಾದ ಜಾತಿಗಳು ಆ ಒಂದೇ ಗುಡ್ಡೆಯಿಂದ ಬಂದಿವೆ. ಆ ಹೆಸರುಗಳ ಬಲದಿಂದಲೇ ಇವತ್ತು ಮಾಡಾಯಿಪಾರದ ಬಗ್ಗೆ ಮಾತನಾಡುವವರಿಗೆ ಕೈಯಲ್ಲಿ ಏನೋ ಒಂದು ಇದೆ. ನಮ್ಮ ಪದವುಗಳ ಪರವಾಗಿ ಮಾತನಾಡಲು ನಮ್ಮ ಕೈಯಲ್ಲಿ ಏನಿದೆ?

ನಾನು ಈ ಪತ್ರ ಬರೆಯಲು ಮುಖ್ಯ ಕಾರಣ ಇದೇ. ಏಪ್ರಿಲ್‌ನಲ್ಲಿ ಯಾವುದೇ ಪದವಿನ ಮೇಲೆ ನಿಂತು ನೋಡಿ. ಕಪ್ಪು ಕಲ್ಲು, ಒಣ ಹುಲ್ಲು, ಅಂಚಿನಲ್ಲಿ ನಾಲ್ಕು ಕುಂಟಾಲ, ನೆಕ್ಕರೆ, ಕೇಪುಳದ ಗಿಡಗಳು. ಬರಡು ಅನ್ನಿಸುವುದು ಸಹಜ. ದೇಶದ ಬಂಜರು ಭೂಮಿಯ ಸರಕಾರಿ ನಕ್ಷೆಗಳಲ್ಲೂ ‘ಬರಡು ಬಂಡೆ ಪ್ರದೇಶ’ ಎಂದೇ ಒಂದು ವರ್ಗ ಇದೆ. ಅದೇ ಜಾಗಕ್ಕೆ ಆಗಸ್ಟ್, ಸೆಪ್ಟೆಂಬರಿನಲ್ಲಿ ಹೋಗಿ. ಅಂಗುಲ ದಪ್ಪ ಇಲ್ಲದ ಮಣ್ಣಿನಲ್ಲಿ ಯುಟ್ರಿಕ್ಯುಲೇರಿಯಾ ನೀಲಿ, ನೇರಳೆ ಬಣ್ಣದಲ್ಲಿ ಹರಡಿರುತ್ತದೆ. ಆ ಮಣ್ಣಿನಲ್ಲಿ ಸಾರಜನಕ, ರಂಜಕ ತೀರಾ ಕಡಿಮೆ. ಅದಕ್ಕೇ ಈ ಗಿಡ ಕೆಸರಿನೊಳಗೆ ಸಾಸಿವೆಗಿಂತ ಸಣ್ಣ ಚೀಲಗಳನ್ನು ಇಟ್ಟುಕೊಂಡು ಕಣ್ಣಿಗೆ ಕಾಣದಂಥ ಜೀವಿಗಳನ್ನು ಒಳಗೆ ಎಳೆದುಕೊಳ್ಳುತ್ತದೆ. ಈ ಕುಲದ ಕೆಲವು ಜಾತಿಗಳಲ್ಲಿ ಆ ವೇಗವನ್ನು ಅಳೆದಿದ್ದಾರೆ, ಒಂದು ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ ಸಮಯ ಸಾಕಂತೆ. ಪಕ್ಕದಲ್ಲೇ ಅಂಟು ಕೂದಲಿನ ಡ್ರೊಸೆರಾ ಸೊಳ್ಳೆ ಹಿಡಿಯುತ್ತಿರುತ್ತದೆ. ಅಕ್ಟೋಬರ್ ಕಳೆದು ನೀರು ಇಂಗಿದ ಮೇಲೆ ಹೆಚ್ಚಿನವು ಬೀಜವಾಗಿ ಮಣ್ಣು ಸೇರುತ್ತವೆ.

ಈಗ ಸರಕಾರದ ಕಾಗದ ನೋಡಿ. ಗಣಿ ಯೋಜನೆಗಳ ಪರಿಸರ ಅಧ್ಯಯನಕ್ಕೆ ಕೇಂದ್ರ ಪರಿಸರ ಸಚಿವಾಲಯ ಕೊಡುವ ಮಾದರಿ ಷರತ್ತುಗಳಲ್ಲಿ, ಗಾಳಿ, ನೀರು, ಮಣ್ಣಿನ ಜೊತೆಗೆ ಗಿಡ ಮತ್ತು ಪ್ರಾಣಿಗಳ ಮಾಹಿತಿಯನ್ನೂ ಒಂದು ಋತುವಿನಲ್ಲಿ ಸಂಗ್ರಹಿಸಿ, ಅದು ಮಳೆಗಾಲ ಅಲ್ಲದ ಋತು ಆಗಿರಲಿ ಎಂದಿದೆ. ಗಾಳಿಯ ಧೂಳು ಅಳೆಯಲು ಅದು ಸರಿ ಇರಬಹುದು, ಮಳೆಯಲ್ಲಿ ಧೂಳು ಎಲ್ಲಿರುತ್ತದೆ? ಆದರೆ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಬೀಳುವ, ಗಿಡಗಳೆಲ್ಲ ಆ ಮಳೆಯಲ್ಲೇ ಹುಟ್ಟಿ ಮುಗಿಯುವ ಊರಿನಲ್ಲಿ ಗಿಡ ಎಣಿಸಲು ಮಾರ್ಚ್‌ನಲ್ಲಿ ಬಂದರೆ ಏನು ಸಿಗಬೇಕು ಮಾರಾಯ್ರೆ? ಏನೂ ಇಲ್ಲ ಎಂದು ಬರೆದುಕೊಂಡು ಹೋಗುತ್ತಾರೆ. ಅವರು ಸುಳ್ಳು ಬರೆದರು ಎಂದೂ ಹೇಳುವ ಹಾಗಿಲ್ಲ. ಆಮೇಲೆ ಕಲ್ಲಿನ ಕೋರೆ ಬರುತ್ತದೆ, ಲೇಔಟ್ ಬರುತ್ತದೆ, ಮುರಿದ ಕಟ್ಟಡದ ಮಣ್ಣು ತಂದು ಸುರಿಯುತ್ತಾರೆ. ನಾವು ಆಗ ಫೋಟೋ ಹಿಡಿದುಕೊಂಡು ಹೋದರೆ ‘ಇದು ಯಾವ ಜಾತಿ, ಎಲ್ಲಿ ಪ್ರಕಟವಾಗಿದೆ’ ಎಂದು ಕೇಳುತ್ತಾರೆ. ಉತ್ತರ ಇರುವುದಿಲ್ಲ.

ಇನ್ನೊಂದು ನೋವಿನ ಸಂಗತಿ ವನಮಹೋತ್ಸವದ್ದು. 1950ರಲ್ಲಿ ಶುರುವಾದ ಒಳ್ಳೆಯ ಪದ್ಧತಿ, ನಾನು ಅದಕ್ಕೆ ವಿರೋಧಿ ಅಲ್ಲ. ಆದರೆ ಜುಲೈ ಮೊದಲ ವಾರದಲ್ಲಿ, ಪಾದೆಯ ಗಿಡಗಳು ಮೊಳೆತು ಮೇಲೆ ಬರುತ್ತಿರುವಾಗಲೇ, ‘ಖಾಲಿ ಜಾಗ’ ಎಂದು ಅದೇ ಪದವಿಗೆ ಜೆಸಿಬಿ ತಂದು ಹೊಂಡ ತೆಗೆಯುತ್ತಾರೆ. ಅಕೇಶಿಯಾ ಇಟ್ಟ ಗುಡ್ಡೆಗಳಲ್ಲಿ ಈಗ ಹೋಗಿ ನೋಡಿ, ಅಡಿಯಲ್ಲಿ ದಪ್ಪ ತರಗೆಲೆ ಬಿಟ್ಟರೆ ಏನಿದೆ? ಬಿಸಿಲು ಬೇಕಾದ ಗಿಡ ನೆರಳಿನಲ್ಲಿ ಬದುಕುವುದಿಲ್ಲ. ಮರ ನೆಡಲು ರಸ್ತೆ ಬದಿ ಇದೆ, ಶಾಲೆಯ ಅಂಗಳ ಇದೆ, ಹೊಳೆಯ ದಂಡೆ ಇದೆ. ಪಾದೆಯನ್ನು ಪಾದೆಯಾಗಿ ಬಿಡಿ.

ಕಾನೂನಿನ ಪ್ರಕಾರ ನಮ್ಮ ಪಂಚಾಯತುಗಳಲ್ಲೇ ಇದಕ್ಕೆ ಒಂದು ಜಾಗ ಇದೆ. ಜೀವವೈವಿಧ್ಯ ಕಾಯ್ದೆ 2002ರ ಪ್ರಕಾರ ಪ್ರತಿ ಪಂಚಾಯತಿನಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ, ಅದರ ಬಳಿ ಜನತಾ ಜೀವವೈವಿಧ್ಯ ದಾಖಲಾತಿ ಎಂಬ, ಊರಿನ ಗಿಡ, ಪ್ರಾಣಿಗಳ ಪುಸ್ತಕ ಇರಬೇಕು. ಹಸಿರು ನ್ಯಾಯಮಂಡಳಿ 2020ರ ಜನವರಿ ಕೊನೆಯ ಗಡುವು ಕೊಟ್ಟು, ತಪ್ಪಿದರೆ ರಾಜ್ಯಗಳಿಗೆ ತಿಂಗಳಿಗೆ 10 ಲಕ್ಷ ದಂಡ ಎಂದಿತು. ಗಡುವಿಗೆ ಓಡಿದರೆ ಪುಸ್ತಕದೊಳಗೆ ಮಾವು, ಹಲಸು, ಮಟ್ಟು ಗುಳ್ಳ ಬದನೆ, ಮಲ್ಲಿಗೆ ಬರುತ್ತವೆ, ಪಾದೆಯ ಹೂ ಬರುವುದು ಕಷ್ಟ. ಆದರೆ ಅದು ಒಮ್ಮೆ ಬರೆದು ಮುಚ್ಚಿಡುವ ಪುಸ್ತಕ ಅಲ್ಲ, ಸೇರಿಸುತ್ತಾ ಹೋಗಬಹುದು. ನಿಮ್ಮ ಪಂಚಾಯತಿನ ಪುಸ್ತಕ ಒಮ್ಮೆ ಕೇಳಿ ನೋಡಿ, ಪದವಿನ ಹೆಸರು ಅದರಲ್ಲಿ ಇದೆಯಾ ಎಂದು.

ಹೂ ಎಲ್ಲಿದೆ ಎಂದು ತಿಳಿದವರನ್ನು ಹುಡುಕಿ ದೂರ ಹೋಗಬೇಕಾಗಿಲ್ಲ. ಶ್ರಾವಣದ ಶುಕ್ರವಾರ, ಭಾನುವಾರ ಚೂಡಿ ಪೂಜೆ ಮಾಡುವ ಕೊಂಕಣಿ ಅಮ್ಮಂದಿರು ಗರಿಕೆಯ ಜೊತೆ ಸಣ್ಣ ಸಣ್ಣ ಕಾಡು ಹೂಗಳನ್ನು ಬಾಳೆನಾರಿನಲ್ಲಿ ಕಟ್ಟುತ್ತಾರೆ. ತುಳುವರ ಸೋಣ ತಿಂಗಳಲ್ಲಿ ಹೊಸ್ತಿಲು ಪೂಜೆ ಮಾಡುವ ಮನೆಗಳಲ್ಲೂ ಗುಡ್ಡೆಯ ಹೂ ಬೇಕು. ಯಾವ ಹೂ ಯಾವ ವಾರ ಬರುತ್ತದೆ, ಮೊದಲು ಎಲ್ಲಿ ಸಿಗುತ್ತಿತ್ತು, ಈಗ ಎಲ್ಲಿ ಸಿಗುವುದಿಲ್ಲ ಎಂದು ಇವರಷ್ಟು ತಿಳಿದವರು ಕಾಲೇಜುಗಳಲ್ಲೂ ಕಡಿಮೆ. ವಿದ್ಯಾರ್ಥಿಗಳು ಮೊದಲು ಇವರ ಹತ್ತಿರ ಕೂತು ಕೇಳಿ ಬರೆದುಕೊಳ್ಳಲಿ, ತುಳು, ಕೊಂಕಣಿ, ಕುಂದಾಪ್ರ ಕನ್ನಡದ ಹೆಸರುಗಳ ಸಮೇತ.

ಸಸ್ಯಶಾಸ್ತ್ರ ವಿಭಾಗ ಇರುವ ಕಾಲೇಜುಗಳು ನಮ್ಮಲ್ಲಿ ಬೇಕಾದಷ್ಟಿವೆ. ಒಂದೊಂದು ಕಾಲೇಜು ಒಂದೊಂದು ಪದವಿನ ಹೊಣೆ ತೆಗೆದುಕೊಂಡು, ಜೂನ್‌ನಿಂದ ನವೆಂಬರ್‌ವರೆಗೆ ತಿಂಗಳಿಗೆ ಎರಡು ಸಲ ಹೋದರೂ ಎರಡು ಮೂರು ಮಳೆಗಾಲದಲ್ಲಿ ಒಳ್ಳೆಯ ಪಟ್ಟಿ ಆಗುತ್ತದೆ. ಮಾದರಿಯ ಒಂದು ಪ್ರತಿ ತಮ್ಮಲ್ಲಿ ಇಟ್ಟುಕೊಂಡು, ಇನ್ನೊಂದನ್ನು ದೊಡ್ಡ ಹರ್ಬೇರಿಯಂಗೆ ಕಳಿಸಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಒಂದು ಇದೆ. ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆಯವು ಕೊಯಮತ್ತೂರು, ಪುಣೆಯಲ್ಲಿ ಇವೆ.

ನಿಮ್ಮಲ್ಲೂ ಒಂದು ಕೋರಿಕೆ. ಇನ್ನು ಮುಂದೆ ಹೂವಿನ ಸುದ್ದಿ ಬಂದಾಗ ಮೂರು ವಿಷಯ ಕೇಳಿ ಬರೆಸಿ: ಹೆಸರು ಖಚಿತಪಡಿಸಿದ್ದು ಯಾರು, ಮಾದರಿ ಎಲ್ಲಿದೆ, ಮೊದಲು ಎಲ್ಲೆಲ್ಲಿ ದಾಖಲಾಗಿತ್ತು. ಜಾಗದ ಹೆಸರನ್ನು ಮಾತ್ರ ತಾಲೂಕಿಗೇ ನಿಲ್ಲಿಸಿ. ನೆಲದ ಆರ್ಕಿಡ್, ಸೆರೊಪೀಜಿಯಾದಂಥ ಗೆಡ್ಡೆ ಗಿಡಗಳ ಜಾಗ ಪೇಪರಿನಲ್ಲಿ ಬಂದರೆ ಮುಂದಿನ ಭಾನುವಾರವೇ ಕಿತ್ತುಕೊಂಡು ಹೋಗುವವರಿದ್ದಾರೆ. ರೀಲ್ಸ್ ಮಾಡಲು ಬರುವವರ ಕಾಲಡಿ ಉಳಿದವೂ ಹೋಗುತ್ತವೆ. ಸರಿಯಾದ ಜಾಗ, ಜಿಪಿಎಸ್ ಅಂಕಿ ಹರ್ಬೇರಿಯಂನ ಲೇಬಲ್‌ನಲ್ಲಿ ಇದ್ದರೆ ಸಾಕು, ಬೇಕಾದವರು ಅಲ್ಲಿ ಹೋಗಿ ನೋಡಲಿ.

ಇಂತಿ,
ಉಡುಪಿಯ ಒಬ್ಬ ಓದುಗ