ಮಗಳಿಗೊಂದು ಪತ್ರ: ಬಾಟಲಿಯ ಹಿಂಬದಿ ಓದು

ಪ್ರೀತಿಯ ಚಿನ್ನೀ,

ರೊಕ್ಕ ಕಳಿಸಿದ್ದೇನೆ. ಚಿಗವ್ವನ ಮಗಳ ಮದುವೆ ಹೊತ್ತಿಗೆ ಕೂದಲು ನೇರ ಮಾಡಿಸಿಕೊಳ್ಳಬೇಕು ಅಂದಿಯಲ್ಲ, ಬೇಡ ಅನ್ನುವುದಿಲ್ಲ. ಗುಂಗುರು ಕೂದಲು ನಮ್ಮ ಮನೆತನದ್ದೇ. ಹುಬ್ಬಳ್ಳಿ ಧೂಳಿನಲ್ಲಿ ದಿನಾ ಬಸ್ಸು ಹತ್ತಿಳಿದು ಸಿಕ್ಕು ಬಿಡಿಸುವ ಪಾಡು ಗೊತ್ತು. ಆದರೆ ಪಾರ್ಲರ್ ಹುಡುಗಿ 'ಇದು ಬರೇ ಪ್ರೋಟೀನ್ ರೀ' ಅಂದಳಂತಲ್ಲ, ಅದೊಂದು ನನಗೆ ಒಪ್ಪಿಗೆಯಾಗಲಿಲ್ಲ.

ಬರೇ ಪ್ರೋಟೀನ್ ಹಚ್ಚಿದರೆ ಗುಂಗುರು ಹೋಗುವುದಿಲ್ಲ. ಕೂದಲು ನೇರ ಮಾಡುವ ರಿಬಾಂಡಿಂಗ್‌ನಲ್ಲಿ ಥಯೋಗ್ಲೈಕೊಲೇಟ್ ಎಂಬ ರಾಸಾಯನಿಕ ಕೂದಲಿನೊಳಗಿನ ಗಂಧಕದ ಬಂಧಗಳನ್ನು ಕಡಿಯುತ್ತದೆ. ಇಸ್ತ್ರಿ ಎಳೆದ ಮೇಲೆ ಇನ್ನೊಂದು ಕ್ರೀಮು ಅವನ್ನು ನೇರವಾಗಿ ಕೂಡಿಸುತ್ತದೆ. ಕೆರಾಟಿನ್, ಸ್ಮೂದನಿಂಗ್ ಅಂತ ಕರೆಯುವ ಹಲವದರಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ, ಇಲ್ಲವೇ ಬಿಸಿ ತಗುಲಿದರೆ ಅದನ್ನು ಬಿಡುವ ವಸ್ತು ಇರುತ್ತದೆ. ಗದಗಿನ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಕಪ್ಪೆ ಇಟ್ಟ ಜಾಡಿಯ ಮುಚ್ಚಳ ತೆಗೆದಾಗ ನೀನು ಮೂಗು ಮುಚ್ಚಿಕೊಂಡು ಹೊರಗೆ ಓಡಿದ್ದೆ, ನೆನಪಿದೆಯಾ? ಜಾಡಿಯಲ್ಲಿದ್ದ ಆ ಫಾರ್ಮಾಲಿನ್ ಅಂದರೆ ನೀರಿನಲ್ಲಿ ಕರಗಿಸಿದ ಇದೇ ಫಾರ್ಮಾಲ್ಡಿಹೈಡ್. ಅಲ್ಲಿ ಜಾಡಿಯೊಳಗೆ ತಣ್ಣಗೆ ಇರುತ್ತದೆ. ಪಾರ್ಲರಿನಲ್ಲಿ 230 ಡಿಗ್ರಿವರೆಗೆ ಕಾಯುವ ಇಸ್ತ್ರಿಯ ಕೆಳಗಿಂದ ನಿನ್ನ ಮುಖಕ್ಕೇ ಏಳುತ್ತದೆ. ಕಣ್ಣುರಿ, ಗಂಟಲು ಕೆರೆತ ಬರುವುದು ಅದಕ್ಕೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಇದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತು ಅಂತ ಹೇಳಿದೆ. ನೀನು ವರ್ಷಕ್ಕೊಮ್ಮೆ ಹೋಗಿ ಕೂಡುತ್ತೀ. ಎಸಿ ಹಾಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಆ ಹುಡುಗಿ ದಿನಾ ಇದನ್ನೇ ಉಸಿರಾಡುತ್ತಾಳೆ. ಅವಳಿಗೂ ಯಾರೂ ಹೇಳಿರಲಿಕ್ಕಿಲ್ಲ, ಪಾಪ.

'ಫಾರ್ಮಾಲ್ಡಿಹೈಡ್ ಇಲ್ಲ' ಅಂತ ಬರೆದಿದ್ದರೂ ನಿಶ್ಚಿಂತೆಯಿಲ್ಲ. ಅಂಥ ಎಷ್ಟೋ ಕ್ರೀಮುಗಳಿಗೆ ಗ್ಲೈಆಕ್ಸಿಲಿಕ್ ಆಮ್ಲ ಹಾಕುತ್ತಾರೆ. 2024ರಲ್ಲಿ ಫ್ರಾನ್ಸಿನ ವೈದ್ಯರು 26 ವರ್ಷದ ಹೆಣ್ಣುಮಗಳೊಬ್ಬಳ ಬಗ್ಗೆ ಬರೆದರು. ಈ ಆಮ್ಲವಿದ್ದ ಕ್ರೀಮಿನಿಂದ ಮೂರು ಸಲ ಸ್ಟ್ರೇಟನಿಂಗ್ ಮಾಡಿಸಿಕೊಂಡಳು, ಮೂರು ಸಲವೂ ವಾಂತಿ, ಬೆನ್ನುನೋವು, ಕಿಡ್ನಿಗೆ ಪೆಟ್ಟು. ಆ ಕ್ರೀಮನ್ನು ಇಲಿಗಳಿಗೆ ಹಚ್ಚಿ ನೋಡಿದರೆ ಅವುಗಳ ಕಿಡ್ನಿಯಲ್ಲಿ ಆಕ್ಸಲೇಟ್ ಹರಳು ಕಂಡವು. ಅಪರೂಪದ ಸಂಗತಿ, ಖರೆ. ಆದರೆ ನೆತ್ತಿಗೆ ಹಚ್ಚಿದ್ದು ನೆತ್ತಿಯಲ್ಲೇ ಉಳಿಯುತ್ತದೆ ಅಂತ ತಿಳಿಯಬೇಡ.

ಇನ್ನೊಂದು. ಅಮೆರಿಕದಲ್ಲಿ 33 ಸಾವಿರಕ್ಕೂ ಜಾಸ್ತಿ ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ 2022ರಲ್ಲಿ ಹೊರಬಂತು. ವರ್ಷಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ರಾಸಾಯನಿಕ ಹಚ್ಚಿ ಕೂದಲು ನೇರ ಮಾಡಿಸಿಕೊಂಡವರಲ್ಲಿ ಗರ್ಭಕೋಶದ ಕ್ಯಾನ್ಸರ್ ಎರಡು ಪಟ್ಟಿಗಿಂತ ಜಾಸ್ತಿ ಇತ್ತು. ಇದರಿಂದಲೇ ಬಂತು ಅಂತ ಸಾಬೀತಾಗಿಲ್ಲ, ಸುಮ್ನೆ ಹೆದರಬೇಡ. ಆದರೆ ಬುಡದಿಂದ ಹೊಸ ಕೂದಲು ಗುಂಗುರಾಗಿಯೇ ಬರುತ್ತದಲ್ವಾ, ಮತ್ತೆ ಮತ್ತೆ ಪಾರ್ಲರಿಗೆ ಓಡುವುದು ಅಲ್ಲಿಂದಲೇ ಶುರು.

ನನ್ನ ಕೇಳಿದರೆ, ಮದುವೆ ದಿನ ಕ್ರೀಮಿಲ್ಲದೆ ಬರೇ ಇಸ್ತ್ರಿ ಹಿಡಿಸಿಕೋ. ಅಕ್ಕಿಕಾಳು ಬೀಳುವವರೆಗೆ ನಿಂತರೆ ಸಾಕಲ್ಲ. ಅಷ್ಟಕ್ಕೂ ಬೇಕೇ ಬೇಕು ಅಂದರೆ ಕಿಟಕಿ ತೆಗೆಸು. ನೆತ್ತಿಯಲ್ಲಿ ಗಾಯವಿದ್ದರೆ ಹೋಗಲೇಬೇಡ, ಉರಿ ಎದ್ದರೆ ತಕ್ಷಣ ತೊಳೆಸು. ಅದಕ್ಕೂ ಮೊದಲು ಬಾಟಲಿ ಕೇಳಿ ಇಸಿದುಕೊಂಡು ಹಿಂಬದಿಯ ಫೋಟೋ ನನಗೆ ವಾಟ್ಸಾಪ್ ಮಾಡು. 'ಮಿಥಿಲೀನ್ ಗ್ಲೈಕಾಲ್' ಅಂತಿದ್ದರೂ ಅದೇ ಫಾರ್ಮಾಲ್ಡಿಹೈಡೇ. ಮುಂಬದಿಯದ್ದು ಕಳಿಸಬೇಡ, ಅಲ್ಲಿ ನಗುವ ಹುಡುಗಿ ಬಿಟ್ಟರೆ ಏನೂ ಇರುವುದಿಲ್ಲ.

ನಿನ್ನ
ಅವ್ವ