ನ್ಯಾಟ್ ಕಿಂಗ್ ಕೋಲ್ ಅವರನ್ನು ಬಿಟ್ಟರೆ ಹೇಗೆ?

ಮಾನ್ಯ ಸಂಪಾದಕರೇ,

ಅಮೆರಿಕದ ಟಿ.ವಿ.ಯಲ್ಲಿ ಜಾಝ್ ಗಾಯಕರು ನಡೆಸಿಕೊಡುವ ಕ್ರಿಸ್‌ಮಸ್ ಸಂಗೀತ ಕಾರ್ಯಕ್ರಮಗಳ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಲೇಖನದಲ್ಲಿ ನ್ಯಾಟ್ ಕಿಂಗ್ ಕೋಲ್ ಹೆಸರೇ ಇರಲಿಲ್ಲ. ಹ್ಯಾರಿ ಕಾನಿಕ್ ಜೂನಿಯರ್, ಮೈಕಲ್ ಬೂಬ್ಲೆ ಬಗ್ಗೆ ಬರೆದದ್ದು ಸರಿಯೇ. ಆದರೆ ಅವರಿಗಿಂತ ಎಷ್ಟೋ ಮುಂಚೆ ದಾರಿ ಮಾಡಿಕೊಟ್ಟವರು ಕೋಲ್ ಅಲ್ವಾ?

ಅವರು ಮೊದಲು ಪಿಯಾನೊ ವಾದಕ, ಹಾಡಿನಿಂದ ಹೆಸರಾಗಿದ್ದು ಆಮೇಲೆ. 1956ರ ನವೆಂಬರ್‌ನಲ್ಲಿ ಎನ್‌ಬಿಸಿ ಟಿ.ವಿ. ವಾಹಿನಿಯಲ್ಲಿ ಅವರದೇ ಕಾರ್ಯಕ್ರಮ ಶುರುವಾಯಿತು. ಎಲಾ ಫಿಟ್ಜ್‌ಜೆರಾಲ್ಡ್, ಹ್ಯಾರಿ ಬೆಲಫಾಂಟೆ ಅವರಂಥವರು ಬಂದು ಹಾಡಿದರು, ಕಾರ್ಯಕ್ರಮ ಉಳಿಯಲಿ ಅಂತ ಎಷ್ಟೋ ಗೆಳೆಯರು ಕಡಿಮೆ ಸಂಭಾವನೆಗೇ ಒಪ್ಪಿದರು. ಆದರೂ ಇಡೀ ದೇಶಕ್ಕೆ ಪ್ರಾಯೋಜಕರು ಸಿಗಲಿಲ್ಲ. ಕಪ್ಪು ಜನಾಂಗದ ಗಾಯಕನ ಜೊತೆ ಹೆಸರು ಹಾಕಿಕೊಂಡರೆ ದಕ್ಷಿಣದ ರಾಜ್ಯಗಳಲ್ಲಿ ವ್ಯಾಪಾರ ಕೆಡುತ್ತದೆ ಅನ್ನೋ ಹೆದರಿಕೆ ಕಂಪನಿಗಳಿಗೆ. ಕೊನೆಗೆ ಕೋಲ್ ಅವರೇ ಬೇಸತ್ತು ಕೈಬಿಟ್ಟರು. ಕೊನೆಯ ಕಂತು ಬಂದದ್ದು 1957ರ ಡಿಸೆಂಬರ್ 17ಕ್ಕೆ, ಕ್ರಿಸ್‌ಮಸ್‌ಗೆ ಎಂಟೇ ದಿನ ಇರುವಾಗ. ಈಗ ನೋಡಿ, ಡಿಸೆಂಬರ್ ಬಂತೆಂದರೆ ಅಲ್ಲಿನ ಅಂಗಡಿಗಳಲ್ಲೂ ರೇಡಿಯೊದಲ್ಲೂ ಅವರದೇ ದನಿ!

ಮುಂದಿನ ಕ್ರಿಸ್‌ಮಸ್ ಪುರವಣಿಯಲ್ಲಿ ಈ ಕಥೆಗೂ ಅರ್ಧ ಪುಟ ಕೊಡಿ. ಆ ಕಾರ್ಯಕ್ರಮದ ಹಳೇ ಫೋಟೊ ಒಂದನ್ನೂ ಹಾಕಿದರೆ ಇನ್ನೂ ಚೆನ್ನ.

– ಒಬ್ಬ ಓದುಗ, ಮೈಸೂರು